ಪೇಪರು ಎಣಿಸುವವರು

ಮಳೆಗಾಲ ಮುಗಿಯುತ್ತ ಬಂದಂತೆ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ವರ್ಷಕ್ಕೊಮ್ಮೆ ಒಂದು ಸುದ್ದಿ ತಪ್ಪದೆ ಬರುತ್ತದೆ. ಜಗತ್ತಿನ ಶೇಕಡ 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ನಮ್ಮ ಪ್ರಾಧ್ಯಾಪಕರಿಗೆ ಸ್ಥಾನ, ಅಂತ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅಧ್ಯಾಪಕರ ಹೆಸರುಗಳೂ ಈ ಪಟ್ಟಿಯಲ್ಲಿ ಬಂದಿವೆ. ಉಡುತಡಿಯಿಂದಲೋ ಆನವಟ್ಟಿಯಿಂದಲೋ ಮಗಳನ್ನು ಎಂ.ಎಸ್ಸಿ. ಕೆಮಿಸ್ಟ್ರಿಗೆ ಅಲ್ಲಿಗೆ ಕಳಿಸಿದ ಮನೆಯವರಿಗೆ ಸಂತೋಷವಾಗುವುದು ಸಹಜ. ಆದರೆ ಯಾರು ಎಣಿಸಿದರು, ಏನನ್ನು ಎಣಿಸಿದರು ಎಂಬುದನ್ನು ಸುದ್ದಿ ಹೇಳುವುದಿಲ್ಲ. ಇವತ್ತಿನ ಮಾತು ಆ ಎಣಿಕೆಯ ಬಗ್ಗೆ.

ಸಂಶೋಧಕರು ತಾವು ಕಂಡುಕೊಂಡದ್ದನ್ನು ಪ್ರಬಂಧವಾಗಿ ಬರೆದು ಜರ್ನಲ್ಲಿಗೆ ಕಳಿಸುತ್ತಾರೆ. ಕಾಲೇಜಿನವರ ಮಾತಿನಲ್ಲಿ ಅದು 'ಪೇಪರ್'. ಪೇಪರಿನ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ: ಈ ಕೆಲಸಕ್ಕೆ ಯಾರ ಯಾರ ಹಿಂದಿನ ಪೇಪರುಗಳನ್ನು ಆಧಾರವಾಗಿ ತೆಗೆದುಕೊಂಡೆವು ಎಂಬ ಲೆಕ್ಕ. ಹಾಗೆ ಒಬ್ಬರ ಪೇಪರನ್ನು ಇನ್ನೊಬ್ಬರು ಹೆಸರಿಸಿದರೆ ಒಂದು ಸೈಟೇಶನ್, ಅಂದರೆ ಒಂದು ಉಲ್ಲೇಖ.

ಈ ಉಲ್ಲೇಖಗಳನ್ನು ಎಣಿಸುವ ಕೆಲಸ ಮೊದಲು ನಡೆದದ್ದೇ ಕೆಮಿಸ್ಟ್ರಿಯಲ್ಲಿ ಎನ್ನಬಹುದು. ಅದರ ಉದ್ದೇಶ ಮನುಷ್ಯರನ್ನು ಅಳೆಯುವುದಾಗಿರಲಿಲ್ಲ. 1927ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಗ್ರಾಸ್ ಮತ್ತು ಗ್ರಾಸ್ ಎಂಬಿಬ್ಬರಿಗೆ ಒಂದು ಸಾದಾ ಪ್ರಶ್ನೆ ಇತ್ತು. ಸಣ್ಣ ಕಾಲೇಜು, ಸಣ್ಣ ಲೈಬ್ರರಿ, ಕೈಯಲ್ಲಿ ಸ್ವಲ್ಪ ಹಣ. ಯಾವ ಕೆಮಿಸ್ಟ್ರಿ ಜರ್ನಲ್ಲುಗಳನ್ನು ತರಿಸಬೇಕು? ಅವರು ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್ಲಿನ 1926ರ ಸಂಪುಟವನ್ನು ಮುಂದಿಟ್ಟುಕೊಂಡು ಅದರಲ್ಲಿದ್ದ 3,633 ಉಲ್ಲೇಖಗಳನ್ನು ಎಣಿಸಿದರು. ಯಾವ ಜರ್ನಲ್ಲಿನ ಹೆಸರು ಹೆಚ್ಚು ಸಲ ಬರುತ್ತದೋ ಅದನ್ನು ಮೊದಲು ಕೊಳ್ಳಿ ಎಂದರು. ಕೆಮಿಸ್ಟ್ರಿ ಕಲಿಯುವ ಹುಡುಗರಿಗೆ ಜರ್ಮನ್ ಓದಲು ಬರಲೇಬೇಕು ಎಂಬುದೂ ಅದೇ ಎಣಿಕೆಯಿಂದ ಹೊರಬಿತ್ತು.

ಅದಕ್ಕೂ ಒಂದು ವರ್ಷ ಮೊದಲು, ವಿಮಾ ಕಂಪನಿಯೊಂದರಲ್ಲಿ ಅಂಕಿ-ಅಂಶ ನೋಡಿಕೊಳ್ಳುತ್ತಿದ್ದ ಆಲ್‌ಫ್ರೆಡ್ ಲೋಟ್ಕಾ, ಕೆಮಿಸ್ಟ್ರಿ ಪೇಪರುಗಳ ಸಾರಾಂಶ ಕೊಡುವ 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಸೂಚಿಯಲ್ಲಿ 'ಎ' ಮತ್ತು 'ಬಿ' ಅಕ್ಷರದ ಹೆಸರುಗಳನ್ನು ಮಾತ್ರ ತೆಗೆದುಕೊಂಡು ಯಾರು ಎಷ್ಟು ಬರೆದಿದ್ದಾರೆ ಎಂದು ನೋಡಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಬರೆದದ್ದು ಒಂದೇ ಒಂದು ಪೇಪರು. ಎರಡು ಬರೆದವರು ಅವರ ಸುಮಾರು ಕಾಲು ಭಾಗ, ಮೂರು ಬರೆದವರು ಒಂಬತ್ತನೇ ಒಂದು ಭಾಗ. ವಿಜ್ಞಾನದ ಹೆಚ್ಚಿನ ಬರವಣಿಗೆ ಕೆಲವೇ ಕೈಗಳಿಂದ ಬರುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು.

ನಮ್ಮ ದೇಶದಲ್ಲಿ ಗ್ರಂಥಾಲಯದ ಕೆಲಸಕ್ಕೂ ಸಂಖ್ಯಾಶಾಸ್ತ್ರ ಬೇಕು ಎಂದು ಹಟ ಹಿಡಿದವರು ಎಸ್.ಆರ್. ರಂಗನಾಥನ್. 1948ರಲ್ಲೇ ಅದಕ್ಕೆ 'ಲೈಬ್ರಮೆಟ್ರಿ' ಎಂದು ಹೆಸರಿಟ್ಟು, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆಗೆಂದು ಕೇಂದ್ರವನ್ನೇ ಶುರುಮಾಡಿದರು. ಅವರ ಗಮನವೂ ಪುಸ್ತಕ ಮತ್ತು ಓದುಗರ ಮೇಲಿತ್ತು, ಪ್ರೊಫೆಸರರ ಬಡ್ತಿಯ ಮೇಲಲ್ಲ.

ಉಲ್ಲೇಖಗಳ ಎಣಿಕೆಯನ್ನು ದೊಡ್ಡ ಉದ್ಯಮ ಮಾಡಿದವರು ಯೂಜೀನ್ ಗಾರ್‌ಫೀಲ್ಡ್. ಅವರು ಓದಿದ್ದೂ ಕೆಮಿಸ್ಟ್ರಿಯೇ. ವಕೀಲರ ಬಳಿ ಒಂದು ಹಳೆಯ ಸೂಚಿ ಇರುತ್ತಿತ್ತು: ಈ ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಎತ್ತಿ ಹಿಡಿದವು, ಯಾವುವು ತಳ್ಳಿಹಾಕಿದವು ಎಂದು ಹೇಳುವಂಥದ್ದು. ವಿಜ್ಞಾನಕ್ಕೂ ಅಂಥದೊಂದು ಬೇಕು ಎಂದು 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 1960ರ ದಶಕದಲ್ಲಿ ಫಿಲಡೆಲ್ಫಿಯಾದಿಂದ ಸೈನ್ಸ್ ಸೈಟೇಶನ್ ಇಂಡೆಕ್ಸನ್ನು ಹೊರತಂದರು. ಹಳೆಯ ಪೇಪರೊಂದು ಮುಂದೆ ಏನಾಯಿತು, ಅದರಲ್ಲಿ ಯಾರಾದರೂ ತಪ್ಪು ಹಿಡಿದರೇ ಎಂದು ಹುಡುಕಿಕೊಳ್ಳಲು ಇದು ದಾರಿ. ಆದರೆ ಉಲ್ಲೇಖವೆಲ್ಲ ಒಂದು ಕಡೆ ಸೇರಿದ ಮೇಲೆ, ಅದನ್ನು ಮನುಷ್ಯರ ಹೆಸರಿನ ಮುಂದೆ ಕೂಡಿಸಿ ಇಡಲು ಎಷ್ಟು ಹೊತ್ತು?

2005ರಲ್ಲಿ ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಒಂದು ಸರಳ ಸಂಖ್ಯೆ ಕೊಟ್ಟರು. ಅದೇ ಎಚ್-ಇಂಡೆಕ್ಸ್. ಕೈಗೆ ಪೆನ್ನು ಸಿಕ್ಕರೆ ಬರೆದುಕೊಳ್ಳಿ. ಒಬ್ಬ ಕೆಮಿಸ್ಟರು ಎಂಟು ಪೇಪರು ಬರೆದಿದ್ದಾರೆ. ಅವಕ್ಕೆ ಬಂದ ಉಲ್ಲೇಖಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಇಳಿಸಿ ಬರೆದರೆ 40, 22, 15, 9, 6, 5, 3, 1. ಈಗ ಪಕ್ಕದಲ್ಲಿ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಹಾಕುತ್ತ ಬನ್ನಿ; ಉಲ್ಲೇಖ ಕ್ರಮಸಂಖ್ಯೆಗಿಂತ ಕಡಿಮೆಯಾಗುವ ಮೊದಲಿನ ಕೊನೆಯ ಸಂಖ್ಯೆಯೇ ಎಚ್-ಇಂಡೆಕ್ಸ್. ಐದನೆಯ ಪೇಪರಿಗೆ 6 ಉಲ್ಲೇಖ, ಅಂದರೆ ಐದಕ್ಕೆ ಕಡಿಮೆಯಿಲ್ಲ. ಆರನೆಯದಕ್ಕೆ 5, ಆರಕ್ಕೆ ಸಾಲದು. ಹಾಗಾಗಿ ಇವರ ಎಚ್-ಇಂಡೆಕ್ಸ್ 5. ಇನ್ನೊಬ್ಬರಿದ್ದಾರೆ. ಅವರು ಬರೆದದ್ದು ನಾಲ್ಕೇ ಪೇಪರು. ಉಲ್ಲೇಖ 900, 4, 3, 2. ಅವರ ಎಚ್-ಇಂಡೆಕ್ಸ್ 3. ಒಂಬೈನೂರು ಸಲ ಜಗತ್ತು ಕೈಗೆತ್ತಿಕೊಂಡ ಆ ಒಂದು ಪೇಪರು ಈ ಲೆಕ್ಕದಲ್ಲಿ ಮುಳುಗಿಯೇ ಹೋಯಿತು. ಇಷ್ಟೇ ಅಲ್ಲ, ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ನಿವೃತ್ತರಾಗಿ ತೋಟ ನೋಡಿಕೊಂಡಿದ್ದರೂ ಏರುತ್ತಲೇ ಇರಬಹುದು. ನಿನ್ನೆ ಪಿಎಚ್.ಡಿ. ಮುಗಿಸಿದ ಹುಡುಗಿಯನ್ನು ಮೂವತ್ತು ವರ್ಷ ಸರ್ವೀಸಾದವರ ಪಕ್ಕ ನಿಲ್ಲಿಸಿ ಇದರಿಂದ ಅಳೆಯುವುದು ಅನ್ಯಾಯ.

ಕರ್ನಾಟಕದಲ್ಲಿ ಈ ಮಾತು ಬಂದಾಗ ಸಿ.ಎನ್.ಆರ್. ರಾವ್ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ., ಬನಾರಸಿನ ಎಂ.ಎಸ್ಸಿ., ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, ಕಾನ್ಪುರದ ಐಐಟಿಯಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಘನವಸ್ತುಗಳ ಕೆಮಿಸ್ಟ್ರಿಯನ್ನು ಬೆಳೆಸಿದವರು. 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದರು. 2013ರ ನವೆಂಬರ್ 16ರಂದು ಅವರಿಗೆ ಭಾರತರತ್ನ ಘೋಷಣೆಯಾಯಿತು. ರಾವ್ ಅವರ ಹೆಸರಿನಲ್ಲಿ 1,500ಕ್ಕೂ ಹೆಚ್ಚು ಪೇಪರುಗಳಿವೆ, ಎಚ್-ಇಂಡೆಕ್ಸ್ ನೂರು ದಾಟಿದೆ. ಅರವತ್ತು ವರ್ಷಕ್ಕೆ ಹಂಚಿದರೂ ತಿಂಗಳಿಗೆ ಎರಡು ಪೇಪರು.

ಒಬ್ಬ ಮನುಷ್ಯ ತಿಂಗಳಿಗೆ ಎರಡು ಪೇಪರು ಬರೆಯುವುದು ಹೇಗೆ? ಒಬ್ಬರೇ ಬರೆಯುವುದಿಲ್ಲ. ಕೆಮಿಸ್ಟ್ರಿ ಗುಂಪಿನ ಕೆಲಸ. ಒಬ್ಬ ವಿದ್ಯಾರ್ಥಿ ವಸ್ತುವನ್ನು ತಯಾರಿಸುತ್ತಾನೆ, ಇನ್ನೊಬ್ಬಳು ಅದರ ಎಕ್ಸ್-ರೇ ತೆಗೆಯುತ್ತಾಳೆ, ಬೇರೆ ಊರಿನ ಯಾರೋ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಬೆಂಚಿನ ಮುಂದೆ ನಿಂತು ಹೆಚ್ಚು ದುಡಿದವರ ಹೆಸರು ಸಾಮಾನ್ಯವಾಗಿ ಮೊದಲು. ಲ್ಯಾಬು ನಡೆಸುವ ಗೈಡ್ ಹೆಸರು ಕೊನೆಗೆ, ಮೇಲೊಂದು ನಕ್ಷತ್ರದ ಗುರುತು. ಗಣಿತದವರು ಹೆಸರುಗಳನ್ನು ಅಕ್ಷರಕ್ರಮದಲ್ಲಿ ಹಾಕುವುದು ರೂಢಿ, ಬರೆಯುವುದೂ ಕಡಿಮೆ. ಆದ್ದರಿಂದ ಕೆಮಿಸ್ಟ್ರಿಯವರ ಸಂಖ್ಯೆಯನ್ನು ಗಣಿತದವರ ಸಂಖ್ಯೆಯ ಪಕ್ಕದಲ್ಲಿಟ್ಟು ಹೆಚ್ಚು ಕಡಿಮೆ ಎನ್ನುವುದರಲ್ಲಿ ಅರ್ಥವಿಲ್ಲ. ದೊಡ್ಡ ಗುಂಪು ಕಟ್ಟಿ, ಹಣ ತಂದು, ಯಂತ್ರ ತರಿಸಿ, ದಶಕಗಟ್ಟಲೆ ನಡೆಸುವುದೂ ಒಂದು ಸಾಮರ್ಥ್ಯವೇ. ರಾವ್ ಅವರಲ್ಲಿ ಅದು ಅಪಾರವಾಗಿತ್ತು. ಆದರೆ ಆ ಸಂಖ್ಯೆ ಅಳೆಯುವುದು ಗುಂಪನ್ನು, ಒಂದು ತಲೆಯನ್ನಲ್ಲ.

ಇನ್ನು, ಜನ ಉಲ್ಲೇಖಿಸುವುದು ಏತಕ್ಕೆ? ಮೆಚ್ಚಿಗೆಗೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳಷ್ಟು ಸಲ ಅದು ಬಳಕೆಗೆ. ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನವೊಂದನ್ನು ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದರು. ಆ ವಿಧಾನ ಬಳಸಿದವರೆಲ್ಲ ಅದನ್ನು ಹೆಸರಿಸಿ ಹೆಸರಿಸಿ, 2014ರ ಹೊತ್ತಿಗೆ ಉಲ್ಲೇಖ ಮೂರು ಲಕ್ಷ ದಾಟಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪೇಪರು ಅದು. ಡಿಎನ್‌ಎ ಎರಡೆಳೆಯ ಸುರುಳಿ ಎಂದು ಹೇಳಿದ ವಾಟ್ಸನ್-ಕ್ರಿಕ್ ಪೇಪರು ಆಗ ಅತಿ ಹೆಚ್ಚು ಉಲ್ಲೇಖಗೊಂಡ ಮೊದಲ ನೂರು ಪೇಪರುಗಳಲ್ಲಿ ಇರಲೇ ಇಲ್ಲ.

ಇನ್ನೂ ಚೆನ್ನಾದ ಉದಾಹರಣೆ ಸ್ಫಟಿಕಗಳದ್ದು. ಅಣುವಿನೊಳಗೆ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ಎಕ್ಸ್-ರೇಯಿಂದ ಬಿಡಿಸಲು ಜಗತ್ತಿನ ಕೆಮಿಸ್ಟರು ಬಳಸುವ ಕಂಪ್ಯೂಟರ್ ಪ್ರೋಗ್ರಾಮು 'ಶೆಲ್‌ಎಕ್ಸ್'. ಜರ್ಮನಿಯ ಗಟ್ಟಿಂಗೆನ್‌ನಲ್ಲಿದ್ದ ಜಾರ್ಜ್ ಶೆಲ್‌ಡ್ರಿಕ್ 2008ರಲ್ಲಿ ಅದರ ಕಥೆಯನ್ನು 'ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ' ಜರ್ನಲ್ಲಿನಲ್ಲಿ ಬರೆದರು. ಪ್ರೋಗ್ರಾಮು ಬಳಸುವವರು ಇದನ್ನೇ ಉಲ್ಲೇಖಿಸಿದರೆ ಸಾಕು ಎಂದಾಯಿತು. ಸರಿ, ಸಾವಿರಗಟ್ಟಲೆ ಉಲ್ಲೇಖ. ಈಗ ಜರ್ನಲ್ಲಿನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ. ಹಿಂದಿನ ಎರಡು ವರ್ಷಗಳ ಪೇಪರುಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂತು ಎಂಬ ಲೆಕ್ಕ ಅದು. 2008ರಲ್ಲಿ ಸುಮಾರು 2 ಇದ್ದದ್ದು 2009ರಲ್ಲಿ 50ರ ಹತ್ತಿರಕ್ಕೆ ಹಾರಿತು. ಮರುವರ್ಷವೂ ಮೇಲೆಯೇ ಇತ್ತು. 2008 ಎರಡು ವರ್ಷದ ಕಿಟಕಿಯಿಂದ ಆಚೆ ಸರಿಯುತ್ತಲೂ, 2011ರಲ್ಲಿ ಮತ್ತೆ ಸುಮಾರು 2. ನಡುವೆ ಆ ಜರ್ನಲ್ಲಿನಲ್ಲಿ ಬರೆದ ಉಳಿದವರ ಕೆಲಸ ಇಪ್ಪತ್ತೈದು ಪಟ್ಟು ಒಳ್ಳೆಯದೂ ಆಗಿರಲಿಲ್ಲ, ಆಮೇಲೆ ಕೆಡಲೂ ಇಲ್ಲ. ಜರ್ನಲ್ಲಿನ ಅಂಕವನ್ನು ನೋಡಿ ಅದರಲ್ಲಿ ಬರೆದವರಿಗೆ ಅಂಕ ಹಾಕುವವರು ಈ ಕಥೆಯನ್ನು ಒಮ್ಮೆ ಕೇಳಬೇಕು.

ಅಂಕ ಹಾಕುವವರು ನಮ್ಮಲ್ಲೂ ಇದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನೇಮಕ-ಬಡ್ತಿ ನಿಯಮಗಳಲ್ಲಿ ವಿಜ್ಞಾನದ ಅಧ್ಯಾಪಕರಿಗೆ ಒಂದು ಪೇಪರಿಗೆ ಮೂಲ ಅಂಕ 8. ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮುಖ್ಯ ಲೇಖಕರಿಗೆ ಶೇ. 70, ಉಳಿದ ಒಬ್ಬೊಬ್ಬರಿಗೂ ಶೇ. 30. ಕೂಡಿಸಿ ನೋಡಿ. ಒಬ್ಬರೇ ಬರೆದರೆ 8. ಐವರು ಸೇರಿ ಬರೆದರೆ ಒಬ್ಬರಿಗೆ 5.6, ನಾಲ್ವರಿಗೆ ತಲಾ 2.4, ಒಟ್ಟು 15.2! ಅದೇ ಪೇಪರು, ಅದೇ ಕೆಲಸ. ಸ್ಟಾಫ್ ರೂಮಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

ಎಣಿಸುವುದಕ್ಕೆ ಮೊದಲು ಯಾವ ಪೇಪರು ಯಾರದ್ದು ಎಂದು ತಿಳಿಯಬೇಕಲ್ಲ. ಅಲ್ಲಿ ನಮ್ಮ ಹೆಸರುಗಳದ್ದೇ ಒಂದು ಫಜೀತಿ. ಊರಿನ ಹೆಸರು ಒಂದು ಇನಿಷಿಯಲ್, ತಂದೆಯ ಹೆಸರು ಇನ್ನೊಂದು, ಕೊನೆಗೆ ಕುಮಾರ ಅಥವಾ ಮಂಜುನಾಥ. ಒಂದೇ ರಾಜ್ಯದಲ್ಲಿ ಎಂ. ಮಂಜುನಾಥರು ಎಷ್ಟು ಜನ! ಮದುವೆಯಾದ ಮೇಲೆ ಹೆಸರು ಬದಲಾದ ಸಂಶೋಧಕಿ ಕಂಪ್ಯೂಟರಿಗೆ ಇಬ್ಬರು ಹೆಂಗಸರಾಗಿ ಕಾಣಿಸುತ್ತಾಳೆ. ಶಿಕಾರಿಪುರ ತಾಲ್ಲೂಕಿನವರಿಗೆ ಇದಕ್ಕೆ ಪರಿಹಾರ ಹೊಸದೇನಲ್ಲ. ಉಡುತಡಿಯ ಅಕ್ಕಮಹಾದೇವಿಯ ವಚನ ಎಲ್ಲೇ ಸಿಕ್ಕರೂ ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತದಿಂದ ಗುರುತಿಸುತ್ತೇವೆ, ಬಳ್ಳಿಗಾವೆಯ ಅಲ್ಲಮನದ್ದನ್ನು ಗುಹೇಶ್ವರ ಎಂಬುದರಿಂದ. ಸಂಶೋಧಕರಿಗೂ 2012ರಿಂದ ಅಂಥದೊಂದು ಅಂಕಿತ ಬಂದಿದೆ: 'ಆರ್ಕಿಡ್' ಎಂಬ ಹದಿನಾರು ಅಂಕಿಗಳ ಗುರುತು. ಹೆಸರು ಹೇಗೇ ಬರೆಯಲಿ, ಗುರುತು ಒಂದೇ. ಅಂಕಿತ ನೋಡಿಯೂ ಯಾರದೋ ವಚನ ಯಾರಿಗೋ ಸೇರಿದ್ದುಂಟು ಎಂಬುದು ವಚನದ ವಿದ್ವಾಂಸರಿಗೆ ಗೊತ್ತು. ಪೇಪರಿನ ಲೋಕದಲ್ಲೂ ಆಗುತ್ತದೆ.

ಈಗ ಶೇ. 2ರ ಪಟ್ಟಿಗೆ ಬರೋಣ. ಇದನ್ನು ಸಿದ್ಧಪಡಿಸುವವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಯೊಅನೀಡಿಸ್ ಮತ್ತು ಸಂಗಡಿಗರು. ಸ್ಕೋಪಸ್ ಎಂಬ ದತ್ತಕೋಶದಿಂದ ಆರು ಅಂಶಗಳನ್ನು ತೆಗೆದುಕೊಂಡು ಒಂದು ಸಂಖ್ಯೆ ಮಾಡುತ್ತಾರೆ. ಒಬ್ಬರೇ ಬರೆದದ್ದಕ್ಕೂ, ಮೊದಲ ಅಥವಾ ಕೊನೆಯ ಹೆಸರು ತಮ್ಮದಾಗಿದ್ದಕ್ಕೂ ಅದರಲ್ಲಿ ಬೆಲೆ ಇದೆ. ತಮ್ಮ ಪೇಪರನ್ನು ತಾವೇ ಉಲ್ಲೇಖಿಸಿಕೊಂಡದ್ದನ್ನು ಕಳೆದೂ ತೋರಿಸುತ್ತಾರೆ. ಇದ್ದುದರಲ್ಲಿ ಜಾಗ್ರತೆಯ ಕೆಲಸ. ಆದರೆ ಪಟ್ಟಿ ಒಂದಲ್ಲ, ಎರಡು. ಒಂದು ಜೀವಮಾನದ್ದು, ಇನ್ನೊಂದು ಒಂದೇ ವರ್ಷದ್ದು. ಎರಡೂ ಬೇರೆ ಬೇರೆ ಮಾತು. ಪತ್ರಿಕೆ ಯಾವುದೆಂದು ಹೇಳುವುದು ಅಪರೂಪ. ಶೇ. 2 ಎನ್ನುವುದೂ ಅವರವರ ಉಪವಿಭಾಗದೊಳಗಿನ ಲೆಕ್ಕ.

ಇಂಥ ಎಣಿಕೆಗೆ ಸಿಗದವರಿದ್ದಾರೆ. ಜಪಾನಿನ ಕೊಇಚಿ ತನಾಕ ಕಂಪನಿಯೊಂದರ ಎಂಜಿನಿಯರ್, ಪಿಎಚ್.ಡಿ. ಇಲ್ಲ, 2002ರವರೆಗೆ ಪೇಪರುಗಳೂ ಕೆಲವೇ. ಆ ವರ್ಷ ಅವರಿಗೆ ಕೆಮಿಸ್ಟ್ರಿಯ ನೊಬೆಲ್ ಬಂತು. ನಮ್ಮವರೇ ಆದ ಜೆ.ಆರ್. ಲಕ್ಷ್ಮಣರಾವ್ ಮೈಸೂರಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿದವರು, 'ಬಾಲವಿಜ್ಞಾನ' ಪತ್ರಿಕೆಯ ಸಂಪಾದಕರಾಗಿದ್ದವರು. ಪರಮಾಣು ಎಂದರೇನು ಎಂದು ಕನ್ನಡದಲ್ಲಿ ಓದಿ ವಿಜ್ಞಾನಕ್ಕೆ ಬಂದ ಮಕ್ಕಳು ಎಷ್ಟೋ. ಸ್ಕೋಪಸಿನಲ್ಲಿ ಆ ಓದಿಗೆ ಖಾನೆಯೇ ಇಲ್ಲ.

ಮನೆಯಲ್ಲಿ ಯಾರಾದರೂ ಪಿಎಚ್.ಡಿ.ಗೆ ಗೈಡ್ ಹುಡುಕುತ್ತಿದ್ದರೆ, ಎಚ್-ಇಂಡೆಕ್ಸ್ ನೋಡಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಫೋನಿನಲ್ಲೇ 'ಶೋಧಗಂಗಾ' ತೆರೆಯಲಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿವೆ, ಕಾಸು ಕೊಡಬೇಕಾಗಿಲ್ಲ. ಗೈಡ್ ಹೆಸರು ಹಾಕಿದರೆ ಅವರ ಕೈಕೆಳಗೆ ಯಾರು ಯಾರು ಮುಗಿಸಿದರು, ಯಾವ ವರ್ಷ ಮುಗಿಸಿದರು ಎಂದು ಬರುತ್ತದೆ. ಆ ವಿದ್ಯಾರ್ಥಿಗಳ ಹೆಸರು ಹಿಡಿದು ಪೇಪರುಗಳನ್ನು ನೋಡಲಿ: ಮೊದಲ ಹೆಸರು ಅವರದ್ದೇ ಇದೆಯೋ, ಬೇರೆ ಯಾರದ್ದೋ. ಅವರಲ್ಲಿ ಒಬ್ಬಿಬ್ಬರಿಗೆ ಫೋನು ಮಾಡಿ, ಲ್ಯಾಬಿನಲ್ಲಿ ಕೆಮಿಕಲ್ಲು ಹೊತ್ತಿಗೆ ಸರಿಯಾಗಿ ಬರುತ್ತದೆಯೇ, ಬರೆದ ಅಧ್ಯಾಯವನ್ನು ಗೈಡ್ ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಎಂದು ಕೇಳಲಿ.