ಮೂಟೆ ಮೇಲಿನ ತೂಕ ನಂಬಬೇಡಿ: ಬೈನರಿ ಮೆಸೇಜ್, ಸ್ಕೀಮಾ, ಟೆಸ್ಟ್

ಇವತ್ತು ಬೈನರಿ ಮೆಸೇಜುಗಳ ಬಗ್ಗೆ ಮಾತಾಡೋಣ. ಜೇಸನ್ ಆದರೆ ಫೀಲ್ಡಿನ ಹೆಸರು ಕಣ್ಣಿಗೆ ಕಾಣತ್ತೆ. ಇಲ್ಲಿ ಬರೀ ಬೈಟುಗಳ ಸಾಲು. ಯಾವ ಬೈಟ್ ಏನು ಅನ್ನೋದು ಸ್ಪೆಕ್‌ನಲ್ಲಿ ಇರತ್ತೆ, ಅದನ್ನ ಓದಿದವರು ಕೈಯಾರೆ ಕೋಡ್ ಬರೀತಾರೆ. ಈ ಮಧ್ಯೆ ಒಂದು ನಿಯಮ ಬಿಟ್ಟುಹೋದರೆ ಏನಾಗತ್ತೆ ಅಂತ ತಿಳಿಯೋಕೆ ಹಾರ್ಟ್‌ಬ್ಲೀಡ್ ನೋಡಿದರೆ ಸಾಕು.

ಟಿಎಲ್‌ಎಸ್‌ನ ಹಾರ್ಟ್‌ಬೀಟ್ ಬಹಳ ಸರಳ. ಕಳಿಸಿದ ಡೇಟಾವನ್ನೇ ಆ ಕಡೆಯವರು ವಾಪಸ್ ಕಳಿಸಬೇಕು, ಅಷ್ಟೇ. 1 ಬೈಟ್ ಟೈಪ್, 2 ಬೈಟ್ ಪೇಲೋಡ್ ಉದ್ದ, ಆಮೇಲೆ ಪೇಲೋಡ್, ಕೊನೆಗೆ ಕನಿಷ್ಠ 16 ಬೈಟ್ ಪ್ಯಾಡಿಂಗ್. ಓಪನ್‌ಎಸ್‌ಎಸ್‌ಎಲ್ 1.0.1 ಆ ಉದ್ದದ ಫೀಲ್ಡನ್ನ ಹಾಗೇ ನಂಬಿತು. ನಾಲ್ಕು ಬೈಟ್ ಕಳಿಸಿ 65,535 ಅಂತ ಹೇಳಿದರೆ, ಪಕ್ಕದ ಮೆಮೊರಿಯಲ್ಲಿ ಇದ್ದದ್ದೂ ಸೇರಿ ಹೊರಗೆ ಬರ್ತಿತ್ತು. ಅದರಲ್ಲಿ ಪಾಸ್‌ವರ್ಡ್, ಪ್ರೈವೇಟ್ ಕೀ ಕೂಡ ಇರಬಹುದಿತ್ತು. 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಕೋಡಿನ ದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ.

ಗಮನಿಸಿ, ಸ್ಪೆಕ್ ಸರಿಯಾಗೇ ಇತ್ತು. ಉದ್ದ ಅತಿಯಾಗಿದ್ದರೆ ಮೆಸೇಜನ್ನ ಸದ್ದಿಲ್ಲದೆ ಬಿಸಾಕಬೇಕು ಅಂತ ಆರ್‌ಎಫ್‌ಸಿ 6520 ಹೇಳತ್ತೆ. ಆ ವಾಕ್ಯ ಕೋಡಿಗೆ ಇಳಿಯಲಿಲ್ಲ.

ಸ್ಕೀಮಾ ಉಪಯೋಗಕ್ಕೆ ಬರೋದು ಇಲ್ಲೇ. ಡಿಎಫ್‌ಡಿಎಲ್ ಅಥವಾ ಕೈತಾಯ್ ಸ್ಟ್ರಕ್ಟ್‌ನಲ್ಲಿ ಫಾರ್ಮ್ಯಾಟನ್ನ ಒಂದು ಫೈಲಿನಲ್ಲಿ ಬರೆದರೆ, ಪಾರ್ಸಿಂಗ್ ಕೆಲಸ ಅದರಿಂದಲೇ ಆಗತ್ತೆ. ಆದರೆ "2 ಬೈಟ್ ನಂಬರ್" ಅಂತ ಮಾತ್ರ ಬರೆದರೆ ಕೆಲಸ ಅರ್ಧ. ಮೂಟೆ ಮೇಲೆ ಬರೆದ ತೂಕ ಒಂದು, ತಕ್ಕಡಿ ತೋರಿಸೋ ತೂಕ ಇನ್ನೊಂದು. ಎರಡನ್ನೂ ಹೋಲಿಸೋ ನಿಯಮ ಸ್ಕೀಮಾದಲ್ಲೇ ಇರಬೇಕು: 1 + 2 + ಪೇಲೋಡ್ + 16, ನಿಜವಾಗಿ ಬಂದ ಬೈಟುಗಳಿಗಿಂತ ಹೆಚ್ಚಾಗಬಾರದು. ಇನ್ನೊಂದು ನಿಯಮ: ಇಡೀ ಮೆಸೇಜ್ 16,384 ಬೈಟ್ ಮೀರಬಾರದು. ಅಂದರೆ ಪೇಲೋಡ್ ಹೆಚ್ಚೆಂದರೆ 16,365. ಫೀಲ್ಡಿನಲ್ಲಿ 65,535 ಹಿಡಿಸತ್ತೆ, ಆದರೆ ಅದು ಯಾವತ್ತೂ ಸರಿಯಾದ ಬೆಲೆ ಅಲ್ಲ!

ಈಗ ಟೆಸ್ಟ್. ಬಹಳ ಜನ ರೌಂಡ್ ಟ್ರಿಪ್ ಮಾಡಿ ನಿಲ್ಲಿಸ್ತಾರೆ: ಪಾರ್ಸ್ ಮಾಡಿ, ತಿರುಗಿ ಬೈಟ್ ಮಾಡಿ, ಎರಡೂ ಒಂದೇನಾ ನೋಡಿ. ಬೇಕು, ಆದರೆ ಸಾಲದು. ಅದು ಒಳ್ಳೇ ಮೆಸೇಜನ್ನ ಮಾತ್ರ ಪರೀಕ್ಷೆ ಮಾಡತ್ತೆ. ಕೆಟ್ಟ ಮೆಸೇಜನ್ನೂ ನಾವೇ ತಯಾರು ಮಾಡಬೇಕು. 24 ಬೈಟಿನ ಮೆಸೇಜ್ ತಗೊಳ್ಳಿ. ಉದ್ದ 5 ಅಂದರೆ ಒಪ್ಪಬೇಕು. 4 ಅಂದರೂ ಒಪ್ಪಬೇಕು, ಪ್ಯಾಡಿಂಗ್ 17 ಆಗತ್ತೆ. 6 ಅಂದರೆ ಪ್ಯಾಡಿಂಗ್ 15ಕ್ಕೆ ಇಳಿಯತ್ತೆ, ತಿರಸ್ಕರಿಸಬೇಕು. 65,535 ಅಂದರೂ ತಿರಸ್ಕರಿಸಬೇಕು. ಇಡೀ ಮೆಸೇಜೇ 18 ಬೈಟ್ ಇದ್ದರೆ ಉದ್ದ ನೋಡೋದೇ ಬೇಡ, ಕನಿಷ್ಠ 19 ಬೇಕು. ಡಿಎಫ್‌ಡಿಎಲ್ ಬಳಸೋರಿಗೆ ಅಪಾಚೆ ಡ್ಯಾಫೊಡಿಲ್‌ನ ಟಿಡಿಎಂಎಲ್ ಫೈಲಿನಲ್ಲಿ "ಇಲ್ಲಿ ಎರರ್ ಬರಲೇಬೇಕು" ಅಂತ ಬರೆಯೋಕೆ ಜಾಗ ಇದೆ.

ನಾಳೆ ಆಫೀಸಿಗೆ ಹೋದಾಗ ನಿಮ್ಮ ಪ್ರೋಟೋಕಾಲಿನಲ್ಲಿ ಉದ್ದ ಹೇಳೋ ಫೀಲ್ಡ್ ಎಷ್ಟಿವೆ ಎಣಿಸಿ. ಪ್ರತಿಯೊಂದಕ್ಕೂ ಸುಳ್ಳು ಹೇಳೋ ಒಂದು ಟೆಸ್ಟ್ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದನ್ನ ಬರೆಯಿರಿ.