ಒಂದು ವಿಳಾಸ, ಮೂರು ರಿಜಿಸ್ಟರು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೆಟ್ರಿಕ್ ಮಾಡಿದ ಗಿರಣಿ ಗುಮಾಸ್ತ, ಕಂಪ್ಯೂಟರ್ ಪಂಡಿತನಲ್ಲ. ಆದರೆ ರಿಜಿಸ್ಟರು ಬರೆದೂ ಬರೆದೂ ಕೈ ಸವೆದವನು. ನಮ್ಮಲ್ಲಿ ಒಬ್ಬ ಕೆಲಸಗಾರರ ವಿಳಾಸ ಮಸ್ಟರು, ಪಗಾರ ಪಟ್ಟಿ, ಪ್ರಾವಿಡೆಂಟ್ ಫಂಡ್ ಪುಸ್ತಕ ಮೂರರಲ್ಲೂ ಇತ್ತು. ಅವರು ಚಾಳು ಬದಲಿಸಿದಾಗ ನಾನು ಎರಡರಲ್ಲಿ ತಿದ್ದಿ ಮೂರನೆಯದನ್ನು ಮರೆತೆ. ಮುಂದೆ ಅವರು ತೀರಿಕೊಂಡರು. ಫಂಡಿನ ಕಾಗದ ಹಳೆಯ ಚಾಳಿಗೆ ಹೋಯಿತು. ಅವರ ಮನೆಯವರು ನಾಲ್ಕು ತಿಂಗಳು ಅಲೆದರು. ತಪ್ಪು ನನ್ನದೇ.

ಈ ರೋಗಕ್ಕೆ ಮದ್ದು ಹೇಳಿದವರು ಐ.ಬಿ.ಎಂ. ಕಂಪನಿಯಲ್ಲಿದ್ದ ಎಡ್ಗರ್ ಕಾಡ್. ಮಾಹಿತಿಯನ್ನು ಸಾಲು, ಅಂಕಣಗಳ ಪಟ್ಟಿಗಳಲ್ಲಿ ಇಡುವ ಕ್ರಮವನ್ನು 1970ರ ಲೇಖನದಲ್ಲಿ ವಿವರಿಸಿದರು. 'ನಾರ್ಮಲೈಸೇಶನ್' ಎಂಬ ಮಾತೂ ಅದರಲ್ಲಿದೆ.

ನಮ್ಮ ಎರವಲು ರಿಜಿಸ್ಟರನ್ನೇ ನೋಡಿ. ಪ್ರತಿ ಸಾಲಿನಲ್ಲೂ ಸದಸ್ಯರ ಹೆಸರು, ವಿಳಾಸ, ಪುಸ್ತಕ, ಲೇಖಕರು. ಹತ್ತು ಪುಸ್ತಕ ಒಯ್ದವರ ವಿಳಾಸ ಹತ್ತು ಸಲ! ಯಾರೂ ಒಯ್ಯದ ಪುಸ್ತಕಕ್ಕೆ ಅಲ್ಲಿ ಜಾಗವೇ ಇಲ್ಲ. ಹಳೆಯ ಹಾಳೆ ಹರಿದರೆ ವಿಳಾಸವೂ ಹೋಯಿತು. ಬದಲಿಗೆ ಸದಸ್ಯರದೊಂದು, ಪುಸ್ತಕಗಳದೊಂದು, ಎರವಲಿನದೊಂದು ಪಟ್ಟಿ ಮಾಡೋಣ. ಎರವಲಿನಲ್ಲಿ ಸದಸ್ಯ ಸಂಖ್ಯೆ, ಪುಸ್ತಕ ಸಂಖ್ಯೆ, ತಾರೀಕು ಇಷ್ಟೇ. ವಿಳಾಸ ಸದಸ್ಯರಿಗೆ ಸೇರಿದ್ದು, ಎರವಲಿಗಲ್ಲ. ಒಂದೇ ಕಡೆ ತಿದ್ದಿದರೆ ಸಾಕು.

ತೊಂದರೆಯೂ ಉಂಟು. ಪುಸ್ತಕ ಹಿಂದಿರುಗಿಸದವರ ಮನೆ ಹುಡುಕಲು ಎರಡು ಪಟ್ಟಿ ತೆರೆಯಬೇಕು. ಕಂಪ್ಯೂಟರು ಕ್ಷಣದಲ್ಲಿ ಜೋಡಿಸುತ್ತದೆ. ನಾವು ಬೆರಳು ಒದ್ದೆ ಮಾಡಿ ಹಾಳೆ ತಿರುವಬೇಕು. ಆದರೂ ಬರುವ ಭಾನುವಾರ ಸದಸ್ಯರ ಪಟ್ಟಿ ಆರಂಭಿಸುತ್ತೇನೆ. ಮನೆ ಬದಲಿಸಿದವರು ಇಂದೇ ನನಗೆ ತಿಳಿಸಿ ಹೋಗಬೇಕು.