ಕದ್ದಾಲಿಕೆಗೆ ಸಹಿ ಹಾಕುವವರು ಯಾರು?

(ಸಿರುಗುಪ್ಪದಲ್ಲಿ ಓದುಗರು ಸೇರಿ ನಡೆಸಿದ ಸಂಜೆಯ ಗೋಷ್ಠಿಯೊಂದರಲ್ಲಿ ನಮ್ಮ ಬಳ್ಳಾರಿ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕೆಲವು ಪದಗಳು ಹುಟ್ಟುವಾಗಲೇ ತೀರ್ಪು ಕೊಟ್ಟುಬಿಡುತ್ತವೆ. ನಮ್ಮ ‘ಕದ್ದಾಲಿಕೆ’ ಅಂಥದೊಂದು ಪದ. ಕಾನೂನಿನ ಪುಸ್ತಕ ಇದನ್ನು ‘ಇಂಟರ್‌ಸೆಪ್ಷನ್’ ಎನ್ನುತ್ತದೆ. ನಡುದಾರಿಯಲ್ಲಿ ತಡೆದು ಹಿಡಿಯುವುದು ಎಂದಷ್ಟೇ ಅದರ ಅರ್ಥ, ಸರಿ ತಪ್ಪಿನ ಸೋಂಕು ಅದಕ್ಕಿಲ್ಲ. ಕನ್ನಡವಾದರೋ ‘ಕದ್ದು’ ಎಂಬುದನ್ನು ಮೊದಲೇ ಹೇಳಿಬಿಡುತ್ತದೆ. ಹೀಗಾಗಿ ‘ಕಾನೂನುಬದ್ಧ ಕದ್ದಾಲಿಕೆ’ ಎಂದು ಸುದ್ದಿ ಬರೆಯಬೇಕಾದಾಗಲೆಲ್ಲ ನಮ್ಮಂಥವರ ಲೇಖನಿ ಒಂದು ಕ್ಷಣ ನಿಲ್ಲುತ್ತದೆ. ಕಾನೂನುಬದ್ಧ ಕಳ್ಳತನ ಎಂದ ಹಾಗೆ ಕೇಳಿಸುತ್ತದಲ್ಲ! ಆದರೂ ಈ ದೇಶದಲ್ಲಿ ಅದಕ್ಕೆ ಕಾನೂನಿದೆ. ಇಂದು ನಿನ್ನೆಯದಲ್ಲ, 1885ರಿಂದಲೂ ಇದೆ.

ಸೈಬರ್ ಭದ್ರತೆಯ ಹೊಸ ಕಾನೂನುಗಳ ಬಗ್ಗೆ ಮಾತನಾಡಿ ಎಂದು ತಾವು ಕರೆದಿರಿ. ಹೊಸದನ್ನು ಹೇಳುವ ಮುನ್ನ ಹಳೆಯದನ್ನು ಸ್ವಲ್ಪ ಹೇಳದಿದ್ದರೆ ಈ ವಿವಾದದ ತಿರುಳು ಸಿಗುವುದಿಲ್ಲ.

1885ರ ತಂತಿ ಕಾಯ್ದೆ ಬಂದಾಗ ನಮ್ಮ ಬಳ್ಳಾರಿ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ನಾವು ಬಂದದ್ದು 1953ರ ಅಕ್ಟೋಬರ್ 1ರಂದು. ಆ ಕಾಯ್ದೆಯ 5ನೇ ಕಲಮು, ತಂತಿಯಲ್ಲಿ ಹೋಗುವ ಸಂದೇಶವನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 1898ರ ಅಂಚೆ ಕಾಯ್ದೆಯ 26ನೇ ಕಲಮು ಕಾಗದಗಳಿಗೂ ಅದನ್ನೇ ಅನ್ವಯಿಸಿತು. ಪರದೇಶದವರು ಆಳುತ್ತಿದ್ದಾಗ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ವಾತಂತ್ರ್ಯ ಬಂದ ಮೇಲೂ ಎರಡೂ ಕಲಮುಗಳು ಹಾಗೇ ಉಳಿದವಲ್ಲ, ಯೋಚಿಸಬೇಕಾದದ್ದು ಅದನ್ನು.

ನಮ್ಮ ಜನಕ್ಕೆ ಗುಟ್ಟಿನ ಕಾಗದವೆಂಬುದೇ ಗೊತ್ತಿರಲಿಲ್ಲ, ಅಂಚೆಯಣ್ಣನೇ ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದ ಎಂದು ಹಿರಿಯರು ಹೇಳುತ್ತಾರೆ. ಟ್ರಂಕ್ ಕಾಲ್ ಮಾಡಿದರೆ ಅಂಚೆ ಕಚೇರಿಗೆ ಬಂದವರೆಲ್ಲರಿಗೂ ಸಮಾಚಾರ ತಿಳಿಯುತ್ತಿತ್ತು. ಮುಂದೆ ಎಸ್‌ಟಿಡಿ ಬೂತಿಗೆ ಗಾಜಿನ ಬಾಗಿಲು ಬಂತು. ಖಾಸಗಿತನ ಎನ್ನುವುದು ಪಟ್ಟಣದವರ ಶೋಕಿ ಎಂದು ವಾದಿಸುವವರು ಈ ಉದಾಹರಣೆಗಳನ್ನೇ ಕೊಡುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಅಂಚೆಯಣ್ಣನ ಕೈಗೆ ಕಾಗದ ಕೊಟ್ಟು ಓದಿಸಿಕೊಂಡವರಿಗೆ ಓದುತ್ತಿರುವವನು ಯಾರೆಂದು ಗೊತ್ತಿತ್ತು. ಬೇಡವೆನಿಸಿದರೆ ಕಾಗದವನ್ನು ಮಡಿಚಿ ಸೆರಗಿನ ಗಂಟಿಗೆ ಸೇರಿಸಬಹುದಿತ್ತು. ಗೊತ್ತಿಲ್ಲದೆ ಓದಿಸಿಕೊಳ್ಳುವುದು ಬೇರೆಯೇ ಸಂಗತಿ.

ಈ ವ್ಯತ್ಯಾಸವನ್ನು ಮನಗಂಡವರು ದೆಹಲಿಯಲ್ಲೂ ಇದ್ದರು. 1986ರಲ್ಲಿ ಅಂಚೆ ಕಾಯ್ದೆಗೆ ತಿದ್ದುಪಡಿ ತಂದು, ಕಾಗದ ತೆರೆಯುವ ಸರ್ಕಾರದ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸಲು ಮಸೂದೆಯಾಯಿತು. ಸಂಸತ್ತಿನ ಎರಡೂ ಸದನಗಳು ಒಪ್ಪಿದವು. ರಾಷ್ಟ್ರಪತಿ ಜೈಲ್ ಸಿಂಗ್ ಅದಕ್ಕೆ ಅಂಕಿತ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ. ಸುಮ್ಮನೆ ಇಟ್ಟುಕೊಂಡರು. ಆ ಮಸೂದೆ ಕಾನೂನಾಗಲೇ ಇಲ್ಲ.

ಎರಡು ವರ್ಷ ಕಳೆಯುವುದರೊಳಗೆ ಚರ್ಚೆ ಕರ್ನಾಟಕಕ್ಕೇ ಬಂತು. ರಾಜಕಾರಣಿಗಳ ದೂರವಾಣಿಗಳನ್ನು ಕದ್ದಾಲಿಸಲಾಗಿದೆ ಎಂಬ ಆರೋಪ ಎದ್ದಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ಎಸ್.ಆರ್. ಬೊಮ್ಮಾಯಿ ಅಧಿಕಾರಕ್ಕೆ ಬಂದರು. ನಾನು ಆಗ ಹುಟ್ಟಿರಲಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಓದುವಾಗ ಹಳೆಯ ಪತ್ರಿಕೆಗಳ ಕಡತ ತಿರುವಿ ಹಾಕಿದ್ದೆ. ಯಾರು ಯಾರ ವಿರುದ್ಧ ಪಿತೂರಿ ನಡೆಸಿದರು ಎಂಬ ಸುದ್ದಿಯೇ ಪುಟ ತುಂಬಿತ್ತು. ಕೇಳುವ ಅಧಿಕಾರ ಪೊಲೀಸರಿಗೆ ಯಾವ ಕಾಗದದಿಂದ ಬರುತ್ತದೆ, ಆ ಕಾಗದವನ್ನು ಮತ್ತೊಬ್ಬರು ನೋಡುತ್ತಾರೆಯೇ ಎಂಬ ಪ್ರಶ್ನೆಗೆ ಅಷ್ಟು ಜಾಗ ಸಿಕ್ಕಿರಲಿಲ್ಲ.

ಆ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯ ಅರ್ಜಿಯಿಂದ. 1996ರ ಡಿಸೆಂಬರ್ 18ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎಸ್. ಸಗೀರ್ ಅಹ್ಮದ್ ತೀರ್ಪಿತ್ತರು. ಫೋನಿನಲ್ಲಿ ಮಾತನಾಡುವುದು ಖಾಸಗಿ ಹಕ್ಕಿನ ಭಾಗವೆಂದರು. ಕದ್ದಾಲಿಕೆಯ ಆದೇಶಕ್ಕೆ ಕೇಂದ್ರದಲ್ಲಾದರೆ ಗೃಹ ಕಾರ್ಯದರ್ಶಿ, ರಾಜ್ಯದಲ್ಲಾದರೆ ರಾಜ್ಯದ ಗೃಹ ಕಾರ್ಯದರ್ಶಿ ಸಹಿ ಹಾಕಬೇಕು. ಆದೇಶ ಎರಡು ತಿಂಗಳು ನಡೆಯಬಹುದು, ಹಿಗ್ಗಿಸಿದರೂ ಆರು ತಿಂಗಳು ಮೀರಬಾರದು. ಪ್ರತಿ ಆದೇಶವನ್ನೂ ಪರಿಶೀಲನಾ ಸಮಿತಿ ನೋಡಬೇಕು ಎಂದು ವಿಧಿಸಿದರು. ನ್ಯಾಯಾಧೀಶರ ಮುಂಗಡ ಅನುಮತಿ ಬೇಕೆಂಬ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಶಾಸನದಲ್ಲಿ ಇಲ್ಲದ್ದನ್ನು ತಾವು ಸೇರಿಸಲಾಗದು ಎಂಬುದು ಅವರ ನಿಲುವು.

ಈಗ ಆ ಸಮಿತಿಯಲ್ಲಿ ಯಾರಿದ್ದಾರೆ ನೋಡಿ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಗೃಹ ಇಲಾಖೆಗೆ ಸೇರದ ಇನ್ನೊಬ್ಬ ಕಾರ್ಯದರ್ಶಿ. ಕೇಳುವ ಪೊಲೀಸರು ಸರ್ಕಾರದವರು, ಸಹಿ ಹಾಕುವವರು ಸರ್ಕಾರದವರು, ಸಹಿ ಸರಿಯಿದೆಯೇ ಎಂದು ನೋಡುವವರೂ ಸರ್ಕಾರದವರೇ. ಹೊರಗಿನವರು ಒಬ್ಬರೂ ಇಲ್ಲ.

ಅವರು ಪ್ರಾಮಾಣಿಕರೆಂದೇ ಇಟ್ಟುಕೊಳ್ಳೋಣ. ಸಮಯವಾದರೂ ಎಲ್ಲಿದೆ? ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ, ಎರಡು ತಿಂಗಳಿಗೊಮ್ಮೆ ಸೇರುವ ಕೇಂದ್ರದ ಪರಿಶೀಲನಾ ಸಮಿತಿಯ ಪ್ರತಿ ಸಭೆಯ ಮುಂದೆ 15,000ದಿಂದ 18,000 ಆದೇಶಗಳು ಬರುತ್ತವೆ ಎಂದು ಬರೆಯಿತು. ಆಗದ ಕೆಲಸ ಎಂದೂ ಹೇಳಿತು. ಸಭೆ ದಿನಕ್ಕೆ ಎಂಟು ಗಂಟೆ, ಊಟ ಕಾಫಿ ಬಿಟ್ಟು ನಡೆಯಿತೆಂದು ಲೆಕ್ಕ ಹಾಕಿ. 28,800 ಸೆಕೆಂಡುಗಳು. ಒಂದು ಆದೇಶಕ್ಕೆ ಎರಡು ಸೆಕೆಂಡೂ ಬೀಳುವುದಿಲ್ಲ. ಇಲ್ಲಿ ಅಕ್ಕಿ ಗಿರಣಿಯವರು ಕೂತಿದ್ದೀರಿ. ಒಂದು ಚೀಲದಿಂದ ಭತ್ತ ಅಂಗೈಗೆ ಸುರಿದುಕೊಂಡು ಊದಿ ನೋಡಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಇದೆಲ್ಲ ದೊಡ್ಡವರ ತಾಪತ್ರಯ, ನಮಗೇನು ಎಂದು ಕೇಳಬಹುದು. 2011ರ ಜುಲೈಯನ್ನು ನೆನಪಿಸಿಕೊಳ್ಳಿ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿಯನ್ನು ಆ ತಿಂಗಳ 27ರಂದು ಸಲ್ಲಿಸಿದರು. ಅದಕ್ಕೆ ಕೆಲವೇ ದಿನ ಮೊದಲು, ವರದಿಯ ಅಂಶಗಳು ಸೋರಿಕೆಯಾದಾಗ, ತಮ್ಮ ಫೋನನ್ನು ಕದ್ದಾಲಿಸಲಾಗಿದೆ ಎಂದು ಬಹಿರಂಗವಾಗಿ ಆರೋಪಿಸಿದ್ದರು. ಆ ವರದಿಯ ಕೇಂದ್ರದಲ್ಲಿದ್ದದ್ದು ನಮ್ಮ ಬಳ್ಳಾರಿಯ ಅದಿರು. ಇಂಥ ತನಿಖೆಗಳು ನಿಲ್ಲುವುದು ಯಾರ ಮಾತಿನ ಮೇಲೆ? ಚೆಕ್‌ಪೋಸ್ಟಿನ ಗುಮಾಸ್ತ, ಲಾರಿ ಚಾಲಕ, ಅರಣ್ಯ ಇಲಾಖೆಯ ಗಾರ್ಡು, ಇಂಥವರು ಯಾರಿಗೋ ನಂಬಿ ಹೇಳಿದ ಮಾತಿನ ಮೇಲೆ. ಲೋಕಾಯುಕ್ತರಿಗೇ ತಮ್ಮ ಫೋನಿನ ಮೇಲೆ ನಂಬಿಕೆ ಹೋದರೆ ಆ ಗುಮಾಸ್ತ ಏನು ಮಾಡಬೇಕು? ನನ್ನ ಅನುಭವ ಚಿಕ್ಕದು. ಆದರೂ ಮರಳು ಸಾಗಣೆಯ ಸುದ್ದಿಗೋ ಗುತ್ತಿಗೆಯ ಸುದ್ದಿಗೋ ಫೋನು ಮಾಡಿದರೆ, ‘ಫೋನಿನಲ್ಲಿ ಬೇಡ ಸಾರ್, ಈ ಕಡೆ ಬಂದಾಗ ಸಿಗ್ರಿ’ ಎನ್ನುವವರೇ ಹೆಚ್ಚು. ಅವರ ಫೋನನ್ನು ಯಾರಾದರೂ ಕೇಳುತ್ತಿದ್ದಾರೋ ಇಲ್ಲವೋ, ಭಯವಂತೂ ತನ್ನ ಕೆಲಸ ಮಾಡಿಯಾಗಿದೆ.

ಇನ್ನು ಕಂಪ್ಯೂಟರಿನ ಕಾಲಕ್ಕೆ ಬರೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲಿ ಬಂತು. ಮುಂಬೈ ದಾಳಿಯಾದ ಒಂದು ತಿಂಗಳೊಳಗೆ, 2008ರ ಡಿಸೆಂಬರಿನಲ್ಲಿ, ಅದಕ್ಕೆ ತಿದ್ದುಪಡಿಯಾಯಿತು. ತಂತಿ ಕಾಯ್ದೆಯಲ್ಲಿ ‘ಸಾರ್ವಜನಿಕ ತುರ್ತು ಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆ’ ಎಂಬ ಷರತ್ತಾದರೂ ಇತ್ತು. ಹೊಸ 69ನೇ ಕಲಮಿನಲ್ಲಿ ಆ ಷರತ್ತು ಕಾಣಲಿಲ್ಲ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯ ಈ ಕಲಮಿನಡಿ 10 ಸಂಸ್ಥೆಗಳ ಹೆಸರು ಪ್ರಕಟಿಸಿದಾಗ ದೇಶದಲ್ಲಿ ಗದ್ದಲವೆದ್ದಿತು. 2023ರ ಡಿಸೆಂಬರಿನಲ್ಲಿ, ವಿರೋಧ ಪಕ್ಷಗಳ ಅನೇಕ ಸದಸ್ಯರು ಅಮಾನತಾಗಿದ್ದ ಅಧಿವೇಶನದಲ್ಲಿ, ಹೊಸ ದೂರಸಂಪರ್ಕ ಕಾಯ್ದೆ ಮತ್ತು ಹೊಸ ಅಂಚೆ ಕಾಯ್ದೆ ಎರಡೂ ಪಾಸಾದವು. ಬ್ರಿಟಿಷರ ಕಲಮುಗಳು ಹೋದವು, ಅವುಗಳ ಸಾರ ಹೊಸ ಕಾಯ್ದೆಗಳಲ್ಲಿ ಉಳಿಯಿತು. ಜೈಲ್ ಸಿಂಗ್ ಅವರ ಮೇಜಿನ ಮೇಲೆ ನಿಂತುಹೋದ ಬಗೆಯ ಚರ್ಚೆ ಈ ಸಲ ನಡೆಯಲೇ ಇಲ್ಲವೆನ್ನಬೇಕು.

ಮಾಹಿತಿ ಹಂಚಿಕೆ ಎಂಬುದು ಕದ್ದಾಲಿಕೆಗಿಂತ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಒಬ್ಬರ ಗದ್ದೆಗೆ ಕಂದು ಜಿಗಿಹುಳು ಬಿದ್ದರೆ ಪಕ್ಕದ ಗದ್ದೆಯವರಿಗೆ ಹೇಳಬೇಕು, ಕೃಷಿ ಸಂಶೋಧನಾ ಕೇಂದ್ರಕ್ಕೂ ಹೇಳಬೇಕು. ಮುಚ್ಚಿಟ್ಟರೆ ವಾರದಲ್ಲಿ ಇಡೀ ಬಯಲು ಸುಟ್ಟ ಹಾಗಾಗುತ್ತದೆ. ಕಂಪ್ಯೂಟರಿನ ದಾಳಿಯೂ ಹಾಗೆಯೇ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಜಾಲವನ್ನು ದಾಳಿಕೋರರು ಕಟ್ಟಿಹಾಕಿದಾಗ ವೈದ್ಯರು ಮತ್ತೆ ಕಾಗದ ಪೆನ್ನು ಹಿಡಿಯಬೇಕಾಯಿತು. ಅಂಥ ಸುದ್ದಿ ಬೇಗ ತಲುಪಿದರೆ ಬಳ್ಳಾರಿಯ ಆಸ್ಪತ್ರೆಯೊಂದು ಬಾಗಿಲು ಭದ್ರ ಮಾಡಿಕೊಳ್ಳಬಹುದು. ಇದಕ್ಕಾಗಿಯೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್. ಅದು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಗಣಕವ್ಯವಸ್ಥೆಯ ದಿನಚರಿ ದಾಖಲೆಗಳನ್ನು 180 ದಿನ ಇಟ್ಟುಕೊಂಡಿರಬೇಕು. ವಿಪಿಎನ್ ಸೇವೆ ಕೊಡುವ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಮುಂತಾದವನ್ನು 5 ವರ್ಷ ಕಾದಿಡಬೇಕು. ಕೆಲವು ಕಂಪನಿಗಳು ಭಾರತದಲ್ಲಿದ್ದ ತಮ್ಮ ಯಂತ್ರಗಳನ್ನೇ ತೆಗೆದವು.

ಹುಳು ಬಿದ್ದಿದೆ ಎಂದು ಹೇಳುವುದಕ್ಕೂ, ಯಾರ ಮನೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಇಟ್ಟುಕೊಂಡಿರಿ ಎನ್ನುವುದಕ್ಕೂ ನಡುವೆ ಒಂದು ಗೆರೆಯಿದೆ. ಅಮೆರಿಕದಲ್ಲಿ 2015ರಲ್ಲಿ ಇಂಥದೇ ಕಾನೂನು ಬಂದಾಗ ಜಗಳ ನಡೆದದ್ದು ಆ ಗೆರೆಯ ಮೇಲೆಯೇ. ಕಂಪನಿಗಳು ದಾಳಿಯ ಮಾಹಿತಿಯನ್ನು ಸರ್ಕಾರಕ್ಕೆ ಕೊಟ್ಟರೆ ಅವುಗಳ ಮೇಲೆ ದಾವೆ ಹೂಡುವಂತಿಲ್ಲ ಎಂದು ಅಭಯ ಸಿಕ್ಕಿತು. ಸಂಬಂಧವಿಲ್ಲದ ಗ್ರಾಹಕರ ಖಾಸಗಿ ವಿವರಗಳನ್ನು ತೆಗೆದು ಕೊಡಬೇಕೆಂಬ ಷರತ್ತು ತೀರಾ ಸಡಿಲ ಎಂದು ವಿರೋಧಿಗಳು ಕೂಗಿದರು. ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಹೊರಹಾಕಿದ ಸಂಗತಿಗಳು ಅಲ್ಲಿನ ಜನರ ಮನಸ್ಸಿನಲ್ಲಿ ಹಸಿಯಾಗಿದ್ದವು. ಆ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಒಂದೇ. 2025ರ ಸೆಪ್ಟೆಂಬರ್ 30ಕ್ಕೆ ತಾನಾಗಿ ಮುಗಿಯಬೇಕೆಂದು ಅದರಲ್ಲೇ ಬರೆದಿಟ್ಟಿದ್ದರು. ಮುಂದುವರಿಸಬೇಕೆಂದರೆ ಮತ್ತೆ ಸದನಕ್ಕೆ ಬಂದು ಕೇಳಬೇಕು. ನಮ್ಮ ತಂತಿ ಕಾಯ್ದೆಗೆ ಅಂಥ ಗಡುವು ಇದ್ದಿದ್ದರೆ!

ನಮ್ಮಲ್ಲಿ ಮಾಹಿತಿ ಒಂದೇ ದಿಕ್ಕಿಗೆ ಹರಿಯುತ್ತಿದೆ. ಸರ್ಟ್-ಇನ್ ಸಂಸ್ಥೆಗೆ ಎಲ್ಲರೂ 6 ಗಂಟೆಯಲ್ಲಿ ಹೇಳಬೇಕು. ಆ ಸಂಸ್ಥೆಯನ್ನೇ 2023ರ ನವೆಂಬರಿನಲ್ಲಿ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಯಿತು. ಅದೇ ವರ್ಷದ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಮು, ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ.

ಕೂಡಿಟ್ಟ ಮಾಹಿತಿ ಸೋರದೆ ಇರುತ್ತದೆಯೇ? 2023ರಲ್ಲಿ ಕರ್ನಾಟಕದಲ್ಲಿ ಹಲವರ ಬ್ಯಾಂಕ್ ಖಾತೆಯಿಂದ ಆಧಾರ್ ಬೆರಳಚ್ಚಿನ ಮೂಲಕ ಹಣ ಮಾಯವಾದ ದೂರುಗಳು ಬಂದವು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ಕದ್ದು ನಕಲು ಮಾಡಿರಬೇಕೆಂಬ ಶಂಕೆ ಮೂಡಿತು. ಪತ್ರಗಳ ಪ್ರತಿಯಲ್ಲಿ ಬೆರಳಚ್ಚನ್ನು ಮರೆಮಾಡಲು ರಾಜ್ಯ ಸರ್ಕಾರ ಮುಂದಾಯಿತು. ಹಣ ಕದ್ದವರು ಬೇಹುಗಾರರಲ್ಲ, ಮಾಮೂಲಿ ಕಳ್ಳರು. ಬೀಗದ ಕೈ ಕಳೆದರೆ ಬೇರೆ ಮಾಡಿಸಬಹುದು. ಕುರುಗೋಡಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟೊತ್ತಿ ಅಕ್ಕಿ ತರುವ ಅಜ್ಜಿ ಬೇರೆ ಹೆಬ್ಬೆಟ್ಟನ್ನು ಎಲ್ಲಿಂದ ತರಬೇಕು?

ಸರ್ಕಾರದ ಪಕ್ಷದಲ್ಲೂ ಬಲವಾದ ಮಾತಿದೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ನಿವೃತ್ತ ನೌಕರರ ಜೀವಮಾನದ ಉಳಿತಾಯ ದೋಚುವವರನ್ನು ಹಿಡಿಯಬೇಕಾದರೆ ಪೊಲೀಸರಿಗೆ ಕರೆಗಳ ಜಾಡು ಬೇಕು, ಅದೂ ಗಂಟೆಗಳಲ್ಲಿ ಬೇಕು. ಅದನ್ನು ಅಲ್ಲಗಳೆಯುವವನು ನಾನಲ್ಲ. ಕೊಡುವುದಾದರೆ ನ್ಯಾಯಾಧೀಶರೊಬ್ಬರ ಕಣ್ಣಿಗೆ ಬಿದ್ದ ಮೇಲೆ ಕೊಡಿ, ವರ್ಷಕ್ಕೆ ಎಷ್ಟು ಆದೇಶ ಹೊರಟವೆಂಬ ಸಂಖ್ಯೆಯನ್ನಾದರೂ ಪ್ರಕಟಿಸಿ ಎಂದಷ್ಟೇ ನನ್ನ ವಾದ. ಬ್ರಿಟನ್ನಿನಲ್ಲಿ 2016ರ ಕಾಯ್ದೆಯಂತೆ ಮಂತ್ರಿ ಸಹಿ ಹಾಕಿದ ಮೇಲೂ ನ್ಯಾಯಿಕ ಆಯುಕ್ತರ ಒಪ್ಪಿಗೆ ಬೇಕು. ನಮಗೆ ಆ ತಂತಿ ಕಾಯ್ದೆ ಕೊಟ್ಟವರೇ ತಮ್ಮ ಮನೆಯಲ್ಲಿ ಇಷ್ಟು ಮಾಡಿಕೊಂಡಿದ್ದಾರೆ.

ಜನ ಮಾತಾಡಿದರೆ ಏನೂ ಆಗುವುದಿಲ್ಲ ಎಂಬ ನಿರಾಶೆಗೂ ಕಾರಣವಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಆ ಮೊಕದ್ದಮೆಯಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇನ್ನೊಂದು ಉದಾಹರಣೆ 2025ರದು. ‘ಸಂಚಾರ್ ಸಾಥಿ’ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಿರಬೇಕೆಂದು ನವೆಂಬರ್ ಕೊನೆಯಲ್ಲಿ ಕಂಪನಿಗಳಿಗೆ ಆದೇಶ ಹೋಗಿತ್ತು. ವಿಷಯ ಹೊರಬಿದ್ದು ವಿರೋಧ ವ್ಯಕ್ತವಾಯಿತು. ಡಿಸೆಂಬರ್ 3ಕ್ಕೆ ಆದೇಶ ವಾಪಸಾಯಿತು.

ಆ ಆದೇಶ ಕಣ್ಣಿಗೆ ಕಂಡಿತು, ಅದಕ್ಕೇ ಚರ್ಚೆಯಾಯಿತು. ಕದ್ದಾಲಿಕೆಯ ಆದೇಶ ಕಾಣುವುದಿಲ್ಲ. ಯಾರ ಫೋನನ್ನು ಕೇಳಲಾಯಿತೋ ಅವರಿಗೆ, ತನಿಖೆ ಮುಗಿದು ಏನೂ ಸಿಗದಿದ್ದರೂ, ತಿಳಿಸಬೇಕೆಂಬ ನಿಯಮ ನಮ್ಮಲ್ಲಿಲ್ಲ. ಸಾಮಾನ್ಯವಾಗಿ ಆ ಆದೇಶದ ಕಾಗದಗಳನ್ನು ಆರು ತಿಂಗಳಿಗೊಮ್ಮೆ ನಾಶಮಾಡಬೇಕೆಂಬ ನಿಯಮವಿದೆ. ನಿಮ್ಮಲ್ಲೊಬ್ಬರಿಗೆ ಒಂದು ವರ್ಷದ ನಂತರ ಅನುಮಾನ ಬಂದು, ಯಾರು ಸಹಿ ಹಾಕಿದ್ದರೆಂದು ಕೇಳಲು ಬಳ್ಳಾರಿಗೆ ಹೋದಿರೆನ್ನಿ, ಬೆಂಗಳೂರಿಗೂ ಹೋದಿರೆನ್ನಿ. ಅಷ್ಟರಲ್ಲಿ ಆ ಕಾಗದ ಇರುವುದಿಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಬಹುದು.